ರೋಲ್ ಕೇಜ್: ಮೊದಲು ಡೈ ಹುಡುಕಿ, ಆಮೇಲೆ ಟ್ಯೂಬ್ ಕೊಳ್ಳಿ

ಪ್ರಶ್ನೆ: ನಾವು ಮೂವರು ಗೆಳೆಯರು, ಮೂಲತಃ ವಿಜಯಪುರದ ಕಡೆಯವರು. ಪುಣೆ ಬಳಿಯ ಚಾಕಣದ ಕಾರ್ಖಾನೆಗಳಲ್ಲಿ ಕೆಲಸ ಮಾಡಿಕೊಂಡು ಚಿಂಚವಡದಲ್ಲಿ ನೆಲೆಸಿದ್ದೇವೆ. ಹಳೆಯ ಪೋಲೊ ಕಾರೊಂದನ್ನು ಕೊಂಡು ಆಟೋಕ್ರಾಸ್‌ಗೆ (ಸಣ್ಣ ಟ್ರ್ಯಾಕಿನಲ್ಲಿ ಸಮಯದ ಲೆಕ್ಕದ ಓಟ), ಮುಂದೆ ಸಾಧ್ಯವಾದರೆ ರ‍್ಯಾಲಿಗೆ ಸಿದ್ಧಪಡಿಸುತ್ತಿದ್ದೇವೆ. ಅದಕ್ಕೆ ರೋಲ್ ಕೇಜ್, ಅಂದರೆ ಕಾರು ಪಲ್ಟಿಯಾದಾಗ ಒಳಗಿನವರನ್ನು ಕಾಯುವ ಉಕ್ಕಿನ ಟ್ಯೂಬುಗಳ ಪಂಜರ, ಕೂರಿಸಬೇಕಿದೆ. ಭೋಸರಿಯ ಫ್ಯಾಬ್ರಿಕೇಟರ್ ಒಬ್ಬರು, ‘ಸಿ ಕ್ಲಾಸ್ ಪೈಪ್ ತನ್ನಿ, ನನ್ನ ಹೈಡ್ರಾಲಿಕ್ ಬೆಂಡರ್‌ನಲ್ಲಿ ಬಗ್ಗಿಸಿ ಕೇಜ್ ಮಾಡಿಕೊಡುತ್ತೇನೆ’ ಎನ್ನುತ್ತಾರೆ. ಮುಂಬೈನ ವ್ಯಾಪಾರಿಯೊಬ್ಬರು ಕ್ರೋಮೋಲಿ ತರಿಸಿಕೊಡುತ್ತೇನೆ ಎನ್ನುತ್ತಾರೆ. ಯಾವ ಟ್ಯೂಬ್ ಕೊಳ್ಳಬೇಕು? ಬೆಂಡರ್, ವೆಲ್ಡಿಂಗ್ ಮಷೀನ್ ಮುಂತಾದವುಗಳಲ್ಲಿ ಯಾವುದನ್ನು ಸ್ವಂತಕ್ಕೆ ಕೊಳ್ಳುವುದು ಒಳ್ಳೆಯದು?

ಉತ್ತರ: ಸಿ ಕ್ಲಾಸ್ ಪೈಪ್ ಬೇಡ, ಕ್ರೋಮೋಲಿಯೂ ಸದ್ಯಕ್ಕೆ ಬೇಡ, ಬೆಂಡರ್ ಅನ್ನಂತೂ ಕೊಳ್ಳಲೇಬೇಡಿ. ಈ ಮೂರಕ್ಕೂ ಕಾರಣಗಳಿವೆ, ಮತ್ತು ಆ ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಸಿ ಕ್ಲಾಸ್ ಎಂದು ಅಂಗಡಿಯಲ್ಲಿ ಕೊಡುವ, ಕೆಂಪು ಪಟ್ಟಿ ಬಳಿದ ಪೈಪು ಐಎಸ್ 1239 ಮಾನಕದ್ದು. ಅದು ನೀರು, ಗ್ಯಾಸ್, ಹಬೆ ಸಾಗಿಸುವುದಕ್ಕೆಂದು ತಯಾರಾದದ್ದು. ಅದರ ಅಳತೆಯನ್ನು ಹೇಳುವುದು ಒಳರಂಧ್ರದ ಹೆಸರಿನಲ್ಲಿ. 40 ಎನ್‌ಬಿ (ನಾಮಿನಲ್ ಬೋರ್) ಎಂದು ಕೇಳಿದರೆ 48.3 ಮಿ.ಮೀ. ಹೊರವ್ಯಾಸದ, 4 ಮಿ.ಮೀ. ದಪ್ಪ ಗೋಡೆಯ ಪೈಪು ಕೈಗೆ ಬರುತ್ತದೆ. ಮಾರುಕಟ್ಟೆಯಲ್ಲಿ ಸಿಗುವುದು ಬಹುಪಾಲು ಇಆರ್‌ಡಬ್ಲ್ಯೂ, ಅಂದರೆ ಪಟ್ಟಿಯನ್ನು ಮಡಿಸಿ ಉದ್ದಕ್ಕೆ ಬೆಸೆದದ್ದು. ಮಾನಕ ಅದಕ್ಕೆ ವಿಧಿಸಿರುವ ಕನಿಷ್ಠ ಟೆನ್ಸೈಲ್ ಸಾಮರ್ಥ್ಯ, ಅಂದರೆ ಎಳೆತವನ್ನು ತಾಳುವ ಬಲ, ಚದರ ಮಿ.ಮೀ.ಗೆ 320 ನ್ಯೂಟನ್. ಆದರೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಐಎ ತನ್ನ ನಿಯಮಾವಳಿಯ ಅನುಬಂಧ ‘ಜೆ’, 253ನೇ ವಿಧಿಯಲ್ಲಿ ಕೇಳುವುದು ಮಿಶ್ರಲೋಹವಲ್ಲದ ಕಾರ್ಬನ್ ಉಕ್ಕಿನ, ತಣ್ಣಗೆ ಎಳೆದ, ಜೋಡಣೆಯಿಲ್ಲದ ಟ್ಯೂಬನ್ನು. ಅದರ ಕನಿಷ್ಠ ಸಾಮರ್ಥ್ಯ 350 ನ್ಯೂಟನ್ ಇರಬೇಕು, ಕಾರ್ಬನ್ ಶೇ. 0.3ನ್ನು ಮೀರಬಾರದು. ಭಾರತದಲ್ಲಿ ಎಫ್‌ಐಎ ಮಾನ್ಯತೆಯಿರುವ ಸಂಸ್ಥೆ ಚೆನ್ನೈಯ ಎಫ್‌ಎಂಎಸ್‌ಸಿಐ. ಆಟೋಕ್ರಾಸ್‌ಗೆ ನಿಯಮ ಸಡಿಲವಿರುವ ಸ್ಪರ್ಧೆ ನಿಮಗೆ ಸಿಕ್ಕರೂ, ಮುಂದೆ ರ‍್ಯಾಲಿಗೆ ಹೋಗುವ ಯೋಚನೆಯಿದ್ದರೆ ಮೊದಲ ದಿನದಿಂದಲೇ 253ನೇ ವಿಧಿಗೆ ತಕ್ಕಂತೆ ಕಟ್ಟುವುದೇ ಅಗ್ಗ, ಏಕೆಂದರೆ ಒಮ್ಮೆ ಕಾರಿಗೆ ಬೆಸೆದ ಕೇಜನ್ನು ಕಿತ್ತು ಇನ್ನೊಂದನ್ನು ಕೂರಿಸುವುದೆಂದರೆ ಬಾಡಿಯನ್ನೇ ಹಾಳುಗೆಡವಿದಂತೆ.

‘ಗೋಡೆ ದಪ್ಪವಿದ್ದರೆ ಬಲ ಹೆಚ್ಚಲ್ಲವೇ’ ಎಂದು ಫ್ಯಾಬ್ರಿಕೇಟರ್ ವಾದಿಸಬಹುದು. ತೂಕ ಹಾಕಿ ನೋಡಿ. ಆ ಪೈಪು ಮೀಟರಿಗೆ ಸುಮಾರು 4.4 ಕೆ.ಜಿ. ತೂಗುತ್ತದೆ, ಕೇಜಿಗೆ 30 ಮೀಟರ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ 130 ಕೆ.ಜಿ. ದಾಟಿತು. ಎಫ್‌ಐಎ ಕೋಷ್ಟಕದಂತೆ ಮುಖ್ಯ ಹೂಪಿಗೆ, ಅಂದರೆ ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ನಿಲ್ಲುವ ದೊಡ್ಡ ಕಮಾನಿಗೆ, ಕನಿಷ್ಠ 45 × 2.5 ಅಥವಾ 50 × 2.0 ಮಿ.ಮೀ. ಟ್ಯೂಬ್ ಬೇಕು, ಉಳಿದ ಭಾಗಗಳಿಗೆ 38 × 2.5 ಅಥವಾ 40 × 2.0 ಸಾಕು. ಹೂಪಿಗೆ 4 ಮೀಟರ್, ಉಳಿದದ್ದಕ್ಕೆ 26 ಮೀಟರ್ ಎಂದು ಲೆಕ್ಕ ಹಿಡಿದರೆ ಮೊದಲ ಜೋಡಿಯಲ್ಲಿ 67 ಕೆ.ಜಿ., ಎರಡನೆಯದರಲ್ಲಿ 58 ಕೆ.ಜಿ. ಆಗುತ್ತದೆ. ಸಣ್ಣ ಎಂಜಿನಿನ ಕಾರಿನಲ್ಲಿ, ಅದೂ ಬಹುಪಾಲು ತೂಕ ಕಿಟಕಿಯ ಮಟ್ಟಕ್ಕಿಂತ ಮೇಲಿರುವಾಗ, ಹೆಚ್ಚುವರಿ 60–70 ಕೆ.ಜಿ. ಹೊರುವುದೆಂದರೆ ತಿರುವಿನಲ್ಲಿ ಸೋಲನ್ನು ಕೈಯಾರೆ ಕಟ್ಟಿಕೊಂಡಂತೆ.

ಈ ಎರಡು ಜೋಡಿಗಳಲ್ಲಿ ಯಾವುದನ್ನು ಆರಿಸಬೇಕು? ಕಾಗದದ ಮೇಲೆ 50 × 2.0 ಗೆಲ್ಲುತ್ತದೆ. ಬಾಗುವಿಕೆಯನ್ನು ತಡೆಯುವ ಬಿಗಿತ ಹೊರವ್ಯಾಸದ ಜೊತೆ ತೀವ್ರವಾಗಿ ಏರುವುದರಿಂದ ಅದು 45 × 2.5ಕ್ಕಿಂತ ಸುಮಾರು ಶೇ. 15ರಷ್ಟು ಬಿಗಿ, ತೂಕದಲ್ಲಿ ಸುಮಾರು ಶೇ. 10ರಷ್ಟು ಹಗುರ. ಆದರೆ ಗೋಡೆ ತೆಳುವಾದಷ್ಟೂ ಬಗ್ಗಿಸುವಾಗ ಒಳಮೈಯಲ್ಲಿ ಸುಕ್ಕು ಬೀಳುವ ಸಂಭವ ಹೆಚ್ಚು, ಬೆಸುಗೆಯಲ್ಲಿ ರಂಧ್ರ ಬೀಳುವ ಸಂಭವವೂ ಹೆಚ್ಚು. ಹಾಗಾಗಿ ಮೊದಲ ಕೇಜ್ ಕಟ್ಟುವವರಿಗೆ ನನ್ನ ಸಲಹೆ ಹತ್ತು ಕಿಲೋ ಹೆಚ್ಚು ತೂಗಿದರೂ 2.5 ಮಿ.ಮೀ. ಗೋಡೆಯದೇ. ಆದರೆ ಈ ತೀರ್ಮಾನವನ್ನು ಈಗಲೇ ಅಂತಿಮ ಮಾಡಬೇಡಿ. ಅದನ್ನು ನಿರ್ಧರಿಸುವುದು ಡೈ, ಅಂದರೆ ಬೆಂಡರ್‌ನಲ್ಲಿ ಟ್ಯೂಬನ್ನು ಕೂರಿಸಿ ಬಗ್ಗಿಸುವ ಅಚ್ಚು. ಆ ವಿಷಯ ಮುಂದೆ ಬರುತ್ತದೆ.

ಕ್ರೋಮೋಲಿ, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 4130 ಉಕ್ಕು, ಒಳ್ಳೆಯ ವಸ್ತುವೇ. ಆದರೆ ಎಫ್‌ಐಎ ಕೋಷ್ಟಕದ ಅಳತೆಗಳು ಸಾದಾ ಕಾರ್ಬನ್ ಉಕ್ಕಿಗೆ ಅನ್ವಯಿಸುತ್ತವೆ. ಮಿಶ್ರಲೋಹದ ಕೇಜಿಗೆ ರಾಷ್ಟ್ರೀಯ ಸಂಸ್ಥೆಯ ಪ್ರಮಾಣೀಕರಣವೋ ಎಫ್‌ಐಎ ಹೋಮೊಲೊಗೇಶನ್ನೋ (ವಿನ್ಯಾಸಕ್ಕೆ ಅಧಿಕೃತ ಒಪ್ಪಿಗೆ) ಬೇಕಾಗುತ್ತದೆ. ಮೂವರು ಗೆಳೆಯರು ವಾರಾಂತ್ಯಗಳಲ್ಲಿ ಕಟ್ಟುವ ಒಂದೇ ಒಂದು ಕಾರಿಗೆ ಆ ದಾರಿ ತೀರಾ ದುಬಾರಿ. ಜೊತೆಗೆ ಬೆಸುಗೆಯ ಪಕ್ಕದ ಉಕ್ಕು ಬೇಗನೆ ತಣಿದರೆ ಗಡಸಾಗಿ, ಬಾಗದೆ ಮುರಿಯುವ ಗುಣ ಅದಕ್ಕಿದೆ. ಪುಣೆಯಲ್ಲಿ ಕಾಲೇಜು ದಿನಗಳಲ್ಲಿ ಬಾಹಾ ಎಂಬ ವಿದ್ಯಾರ್ಥಿಗಳ ಸ್ಪರ್ಧೆಗೆ ವಾಹನ ಕಟ್ಟಿದ ಎಂಜಿನಿಯರುಗಳು ಬೇಕಾದಷ್ಟಿದ್ದಾರೆ. ‘ನಾವು 25 ಮಿ.ಮೀ. ಟ್ಯೂಬಿನಲ್ಲೇ ಮುಗಿಸಿದ್ದೆವು’ ಎಂದು ಅವರಲ್ಲೊಬ್ಬರು ನಿಮಗೆ ಹೇಳಿಯೇ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ಆ ಸ್ಪರ್ಧೆಯ ನಿಯಮಪುಸ್ತಕ ಬೇರೆ, ಅದರ ವಾಹನದ ತೂಕ ಬೇರೆ, ವೇಗವೂ ಬೇರೆ.

ಇನ್ನು ಮಾರುಕಟ್ಟೆಯ ವಿಷಯ. ನೀವು ಕೇಳಬೇಕಾದದ್ದು ‘ಸೀಮ್‌ಲೆಸ್ ಪೈಪ್’ ಎಂದಷ್ಟೇ ಅಲ್ಲ. ಹಾಗೆ ಕೇಳಿದರೆ ಮುಂಬೈನ ಗಿರಗಾಂವ್, ಖೇತವಾಡಿ ಗಲ್ಲಿಗಳ ವ್ಯಾಪಾರಿಗಳಾಗಲಿ ಕಳಂಬೋಲಿಯ ಗೋದಾಮಿನವರಾಗಲಿ ಎ106 ಗ್ರೇಡ್ ಬಿ ಪೈಪನ್ನು ತೋರಿಸುವ ಸಂಭವವೇ ಹೆಚ್ಚು. ಅದು ಬಾಯ್ಲರ್, ರಿಫೈನರಿಗಳಿಗೆ ಹೋಗುವ ಪೈಪು. ಸಾಮರ್ಥ್ಯದಲ್ಲಿ ಅದು ಪಾಸಾಗುತ್ತದೆ, ಕನಿಷ್ಠ 415 ನ್ಯೂಟನ್ ಇದೆ. ಆದರೆ ಒಂದೂವರೆ ಇಂಚಿನ ಶೆಡ್ಯೂಲ್ 40 ಪೈಪಿನ ಗೋಡೆ 3.68 ಮಿ.ಮೀ., ತೂಕ ಮೀಟರಿಗೆ 4 ಕೆ.ಜಿ., ಮೇಲಾಗಿ ಅದು ತಣ್ಣಗೆ ಎಳೆದದ್ದೇ ಅಥವಾ ಬಿಸಿಯಾಗಿ ಉರುಳಿಸಿದ್ದೇ ಎಂಬುದನ್ನು ಸರ್ಟಿಫಿಕೇಟು ನೋಡದೆ ಹೇಳುವಂತಿಲ್ಲ. ನಿಮಗೆ ಬೇಕಾದದ್ದು ಹೊರವ್ಯಾಸ ಮತ್ತು ಗೋಡೆಯ ಲೆಕ್ಕದಲ್ಲಿ ಮಾರುವ ಸಿಡಿಎಸ್ (ಕೋಲ್ಡ್ ಡ್ರಾನ್ ಸೀಮ್‌ಲೆಸ್, ಅಂದರೆ ತಣ್ಣಗೆ ಎಳೆದ, ಜೋಡಣೆಯಿಲ್ಲದ) ಟ್ಯೂಬ್. ಭೋಸರಿಯಲ್ಲಿ ಹೈಡ್ರಾಲಿಕ್ ಸಿಲಿಂಡರ್ ಮಾಡುವವರನ್ನು ವಿಚಾರಿಸಿದರೆ ಅವರು ‘ಎಸ್‌ಟಿ 52’ ಎಂದು ಕರೆಯುವ ಟ್ಯೂಬ್ ಇದೇ ಕುಟುಂಬದ್ದು. ಐರೋಪ್ಯ ಮಾನಕ 10305-1ರಲ್ಲಿ ಅದರ ಹೆಸರು ಇ355. ಮ್ಯಾಂಗನೀಸ್ ಶೇ. 1.6ರವರೆಗೆ, ಕಾರ್ಬನ್ ಶೇ. 0.22ರೊಳಗೆ ಇರುವ ಈ ಉಕ್ಕು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಆದರೆ ಇಲ್ಲೊಂದು ತೊಡಕಿದೆ, ಹೊಸಬರು ಕೈ ಸುಟ್ಟುಕೊಳ್ಳುವುದು ಇಲ್ಲಿಯೇ. ಒಂದೇ ಉಕ್ಕಿನ ಟ್ಯೂಬನ್ನು ಗಿರಣಿ ಬೇರೆ ಬೇರೆ ಸ್ಥಿತಿಗಳಲ್ಲಿ ಮಾರುತ್ತದೆ. ಎಳೆದ ಮೇಲೆ ಏನೂ ಮಾಡದೆ ಹಾಗೆಯೇ ಕೊಟ್ಟರೆ ಅದು ಬಿಕೆ. ಒತ್ತಡ ಇಳಿಸುವಷ್ಟು ಬಿಸಿ ಮಾಡಿ ಕೊಟ್ಟರೆ ಬಿಕೆಎಸ್. ನಾರ್ಮಲೈಸ್ ಮಾಡಿ, ಅಂದರೆ ಕೆಂಪಗೆ ಕಾಯಿಸಿ ನಿಧಾನವಾಗಿ ತಣಿಸಿ ಕೊಟ್ಟರೆ ಎನ್‌ಬಿಕೆ. ಬಿಕೆ ಸ್ಥಿತಿಯಲ್ಲಿ ಇ355 ಟ್ಯೂಬಿನ ಸಾಮರ್ಥ್ಯ 640 ನ್ಯೂಟನ್ ಎಂದು ಕಾಗದದಲ್ಲಿ ಕಂಡು ಹಿಗ್ಗಬೇಡಿ. ಮುರಿಯುವ ಮುನ್ನ ಅದು ಶೇ. 4ರಷ್ಟು ಹಿಗ್ಗಿದರೆ ಸಾಕು ಎಂದು ಮಾನಕವೇ ಒಪ್ಪಿಕೊಂಡಿದೆ. 90 ಡಿಗ್ರಿ ಬಗ್ಗಿಸುವಾಗ ಹೊರಮೈ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಹಿಗ್ಗಬೇಕಾಗುತ್ತದೆ, ಆದ್ದರಿಂದ ಟ್ಯೂಬು ಸೀಳುತ್ತದೆ. ಅಥವಾ ಇನ್ನೂ ಕೆಟ್ಟದ್ದೆಂದರೆ, ಕಣ್ಣಿಗೆ ಕಾಣದ ಬಿರುಕನ್ನು ಒಳಗಿಟ್ಟುಕೊಂಡು ಪಲ್ಟಿಯಾಗುವ ದಿನದವರೆಗೆ ಸುಮ್ಮನಿರುತ್ತದೆ. ಎನ್‌ಬಿಕೆ ಸ್ಥಿತಿಯಲ್ಲಿ ಅದೇ ಟ್ಯೂಬಿನ ಸಾಮರ್ಥ್ಯ ಕನಿಷ್ಠ 490, ಹಿಗ್ಗುವಿಕೆ ಕನಿಷ್ಠ ಶೇ. 22. ಅಪಘಾತದಲ್ಲಿ ಕೇಜು ಮುರಿಯದೆ ಬಾಗಿ ಶಕ್ತಿಯನ್ನು ಹೀರಿಕೊಳ್ಳಬೇಕು ಎಂಬ ಕಾರಣಕ್ಕೂ ಎನ್‌ಬಿಕೆಯೇ ಸರಿ. ಇ235 ಎಂಬ ಮೃದು ಉಕ್ಕು ಇದೇ ಸ್ಥಿತಿಯಲ್ಲಿ ಕನಿಷ್ಠ 340 ನ್ಯೂಟನ್‌ಗಷ್ಟೇ ಖಾತರಿ ಕೊಡುತ್ತದೆ, ಎಫ್‌ಐಎ ಮಿತಿಗಿಂತ 10 ಕಡಿಮೆ. ಅದನ್ನು ಕೊಳ್ಳುವುದಾದರೆ ಸರ್ಟಿಫಿಕೇಟಿನಲ್ಲಿರುವ ನಿಜವಾದ ಪರೀಕ್ಷಾ ಫಲಿತಾಂಶವನ್ನು ಓದಿಯೇ ಕೊಳ್ಳಬೇಕು.

ಆದ್ದರಿಂದ ವ್ಯಾಪಾರಿಯ ಬಳಿ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿರುವ ಹೀಟ್ ನಂಬರನ್ನು (ಉಕ್ಕನ್ನು ಕರಗಿಸಿದ ಕಂತಿನ ಗುರುತು) ಟ್ಯೂಬಿನ ಮೈಮೇಲೆ ಅಚ್ಚಾಗಿರುವ ನಂಬರಿನೊಂದಿಗೆ ಹೋಲಿಸಿ, ಎರಡನ್ನೂ ಫೋಟೊ ತೆಗೆದುಕೊಳ್ಳಿ. ಅಚ್ಚಿಲ್ಲದ ತುಂಡುಗಳನ್ನು, ಎಷ್ಟೇ ಅಗ್ಗವಾಗಿ ಕೊಟ್ಟರೂ, ಅಲ್ಲಿಯೇ ಬಿಟ್ಟು ಬನ್ನಿ. ಗೋಡೆಯ ದಪ್ಪಕ್ಕೆ ಮಾನಕವೇ ಶೇ. 10ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿರುವುದರಿಂದ 2.5 ಎಂದು ಮಾರಿದ ಟ್ಯೂಬು 2.3 ಇರಬಹುದು; ಎರಡೂ ತುದಿಗಳಲ್ಲಿ ಮೂರು ಮೂರು ಕಡೆ ಅಳೆಯಿರಿ. ಇನ್ನೊಂದು ಸಣ್ಣ ಮಾತು, ಆದರೆ ಮರೆತರೆ ಇಡೀ ಖರೀದಿ ವ್ಯರ್ಥ. ಮುಖ್ಯ ಹೂಪು ಒಂದೇ ತುಂಡಿನದಾಗಿರಬೇಕು, ನಡುವೆ ಜೋಡಣೆ ಇರಕೂಡದು. ಟ್ಯೂಬುಗಳು ಸಾಮಾನ್ಯವಾಗಿ 5ರಿಂದ 7 ಮೀಟರ್ ಉದ್ದ ಬರುತ್ತವೆ. ಛೋಟಾ ಹಾಥಿ ಎಂಬ ಪುಟ್ಟ ಟ್ರಕ್ಕಿನಲ್ಲಿ ಹಿಡಿಸಲೆಂದು ಗೋದಾಮಿನ ಹುಡುಗ ನಿಮ್ಮನ್ನು ಕೇಳದೆಯೇ ಎರಡು ತುಂಡು ಮಾಡಿಬಿಡುತ್ತಾನೆ. ಹೂಪಿನ ಟ್ಯೂಬಿಗೆ ಕತ್ತರಿ ತಾಕಕೂಡದೆಂದು ಬಿಲ್ಲಿನ ಮೇಲೆಯೇ ಬರೆಸಿ, ಉದ್ದದ ಟೆಂಪೊ ಗೊತ್ತು ಮಾಡಿ.

ಈಗ ಬೆಂಡರ್. ಪ್ಲಂಬಿಂಗ್ ಕೆಲಸದ ಹೈಡ್ರಾಲಿಕ್ ಬೆಂಡರ್‌ನಲ್ಲಿ ಎರಡು ಆಧಾರಗಳ ನಡುವೆ ಪೈಪನ್ನಿಟ್ಟು ಜ್ಯಾಕಿನಿಂದ ನಡುವೆ ಒತ್ತುತ್ತಾರೆ. ಅದರ ಅಚ್ಚುಗಳೆಲ್ಲ ಎನ್‌ಬಿ ಅಳತೆಯವು. 48.3 ಮಿ.ಮೀ. ಅಚ್ಚಿನಲ್ಲಿ 45 ಮಿ.ಮೀ. ಟ್ಯೂಬ್ ಇಟ್ಟರೆ ಪಕ್ಕಗಳಿಗೆ ಆಸರೆಯಿಲ್ಲದೆ ಅದು ಚಪ್ಪಟೆಯಾಗುತ್ತದೆ. ನಿಮ್ಮ ಫ್ಯಾಬ್ರಿಕೇಟರ್ ಸಿ ಕ್ಲಾಸ್ ಪೈಪನ್ನೇ ಕೇಳುತ್ತಿರುವುದಕ್ಕೆ ನಿಜವಾದ ಕಾರಣವೂ ಇದೇ ಇರಬೇಕು: ಅವರ ಯಂತ್ರದಲ್ಲಿ ಸುಕ್ಕಿಲ್ಲದೆ ಬಗ್ಗುವುದು ಆ ದಪ್ಪ ಗೋಡೆಯ ಪೈಪೊಂದೇ. ಮರಳು ತುಂಬಿ, ಕಾಯಿಸಿ ಬಗ್ಗಿಸುವ ಹಳೆಯ ಉಪಾಯವೂ ಇಲ್ಲಿ ಸಲ್ಲದು, ಬಾಗನ್ನು ತಣ್ಣಗೆಯೇ ಮಾಡಬೇಕೆಂದು ನಿಯಮವಿದೆ. ಬೇಕಾದದ್ದು ರೋಟರಿ ಡ್ರಾ ಬೆಂಡರ್. ಅದರಲ್ಲಿ ಟ್ಯೂಬನ್ನು ಅದರದೇ ಅಳತೆಯ ಡೈಗೆ ಕ್ಲ್ಯಾಂಪ್ ಮಾಡಿ, ಡೈಯನ್ನೇ ತಿರುಗಿಸುತ್ತ ಟ್ಯೂಬನ್ನು ಅದರ ಸುತ್ತ ಎಳೆಯುತ್ತಾರೆ. ತೆಳು ಗೋಡೆಯಾದರೆ ಒಳಗೆ ಮ್ಯಾಂಡ್ರೆಲ್, ಅಂದರೆ ಗೋಡೆ ಕುಸಿಯದಂತೆ ಆಸರೆ ಕೊಡುವ ಸರಳು, ಕೂಡ ಇರಬೇಕು.

ಇಂಥ ಯಂತ್ರವನ್ನೂ ಎರಡು ಅಳತೆಯ ಡೈಗಳನ್ನೂ ಒಂದು ಕಾರಿಗಾಗಿ ಕೊಳ್ಳುವುದು ದುಂದು. ಚಾಕಣ, ಭೋಸರಿ ಪಟ್ಟಿಯಲ್ಲಿ ಬಸ್ ಸೀಟಿನ ಚೌಕಟ್ಟು, ಬೈಕಿನ ಹ್ಯಾಂಡಲ್, ಸೈಲೆನ್ಸರ್ ಪೈಪುಗಳನ್ನು ಬಗ್ಗಿಸುವ ಜಾಬ್ ವರ್ಕ್ ಶೆಡ್ಡುಗಳಿವೆ. ಟ್ಯೂಬ್ ಕೊಳ್ಳುವುದಕ್ಕೆ ಮೊದಲು ಅಲ್ಲಿಗೆ ಹೋಗಿ. (ಗುರುವಾರ ಹೋಗಬೇಡಿ, ಭೋಸರಿಗೆ ಅಂದು ವಾರದ ರಜೆ.) ಕೇಳಬೇಕಾದ ಪ್ರಶ್ನೆಗಳು ಎರಡೇ: ಯಾವ ಹೊರವ್ಯಾಸಕ್ಕೆ ಡೈ ಇದೆ, ಮತ್ತು ಆ ಡೈಯ ಮಧ್ಯರೇಖೆಯ ತ್ರಿಜ್ಯ ಎಷ್ಟು. ನಿಯಮದಂತೆ ಈ ತ್ರಿಜ್ಯ ಟ್ಯೂಬಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಕೂಡದು. 45ಕ್ಕೆ 135 ಮಿ.ಮೀ., 38ಕ್ಕೆ 114, 50ಕ್ಕೆ 150. ಸೈಲೆನ್ಸರ್ ಕೆಲಸದ ಡೈಗಳು ಎಷ್ಟೋ ಸಲ ಇದಕ್ಕಿಂತ ಬಿಗಿಯಾಗಿರುತ್ತವೆ, ಅವು ಬೇಡ. ನಮ್ಮಲ್ಲಿ ಇಂಚಿನ ಡೈಗಳೇ ಹೆಚ್ಚು. ಶೆಡ್ಡಿನಲ್ಲಿ ಎರಡಿಂಚಿನ, ಅಂದರೆ 50.8 ಮಿ.ಮೀ. ಡೈ ಸರಿಯಾದ ತ್ರಿಜ್ಯದಲ್ಲಿ, ಮ್ಯಾಂಡ್ರೆಲ್ ಸಮೇತ ಸಿಕ್ಕಿತು ಎನ್ನಿ. ಆಗ ಹೂಪಿಗೆ 50.8 × 2.1 ಟ್ಯೂಬನ್ನೇ ಕೊಳ್ಳಿ, ಎಫ್‌ಐಎ ಕೋಷ್ಟಕದಲ್ಲಿ ಇಂಚಿನ ಅಳತೆಯೂ ಇದೆ. ಅದೇ ಡೈಯಲ್ಲಿ 50 ಮಿ.ಮೀ. ಟ್ಯೂಬ್ ಇಟ್ಟು ‘0.8 ಮಿ.ಮೀ. ತಾನೆ’ ಎಂದರೆ ಬಾಗು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. 45 ಅಥವಾ 44.45ರ ಡೈ ಸಿಕ್ಕರೆ 2.5 ಮಿ.ಮೀ. ಗೋಡೆಯ ದಾರಿ ತೆರೆದಂತೆ. ಟ್ಯೂಬಿನ ಆಯ್ಕೆಯನ್ನು ಮುಂದಕ್ಕೆ ಹಾಕಿ ಎಂದದ್ದು ಇದಕ್ಕಾಗಿಯೇ.

ಶೆಡ್ಡಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. 6 ಮಿ.ಮೀ. ಸರಳನ್ನು ಕಾರಿನೊಳಗೆ ಕೈಯಲ್ಲೇ ಬಗ್ಗಿಸಿ ಹೂಪಿನ ಆಕಾರ ಮಾಡಿಕೊಳ್ಳಿ, ಬಾಗಿನಿಂದ ಬಾಗಿಗೆ ನೇರ ಉದ್ದ ಎಷ್ಟು, ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಿ. ಟ್ಯೂಬಿನ ಬೆನ್ನ ಮೇಲೆ ಉದ್ದಕ್ಕೂ ಮಾರ್ಕರ್‌ನಿಂದ ಒಂದು ನೇರ ಗೆರೆ ಎಳೆದಿದ್ದರೆ ಎರಡನೆಯ ಬಾಗಿನಲ್ಲಿ ಟ್ಯೂಬು ತಿರುಚಿಕೊಂಡಿತೇ ಎಂಬುದು ತಕ್ಷಣ ಗೊತ್ತಾಗುತ್ತದೆ. ಡೈಯಿಂದ ಬಿಡಿಸಿದ ಮೇಲೆ ಟ್ಯೂಬು ಕೆಲವು ಡಿಗ್ರಿ ಹಿಂದಕ್ಕೆ ಚಿಮ್ಮುವುದರಿಂದ, ಅದೇ ಹೀಟಿನ ತುಂಡೊಂದನ್ನು ಮೊದಲು ಬಗ್ಗಿಸಿ ನೋಡುವುದು ಅವಶ್ಯ. ಆ ತುಂಡನ್ನು ಹಾಗೆಯೇ ಮನೆಗೆ ತರಬೇಡಿ, ಅಲ್ಲಿಯೇ ವರ್ನಿಯರ್ ಹಿಡಿದು ಬಾಗಿನ ನಡುಭಾಗದಲ್ಲಿ ಅಗಲದ ಮತ್ತು ಕಿರಿದಾದ ವ್ಯಾಸಗಳನ್ನು ಅಳೆಯಿರಿ. ಕಿರಿದನ್ನು ಅಗಲದಿಂದ ಭಾಗಿಸಿದಾಗ 0.9 ಅಥವಾ ಹೆಚ್ಚು ಬರಬೇಕು. 46.5 ಮತ್ತು 42.5 ಬಂದರೆ 0.91, ಪಾಸು. 47 ಮತ್ತು 41.5 ಬಂದರೆ 0.88, ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಫೇಲು. ಬಾಗಿನ ಒಳಮೈಯ ಮೇಲೆ ಹೆಬ್ಬೆರಳು ಸವರಿದಾಗ ಅಲೆ ತಾಕಕೂಡದು.

ಸ್ವಂತಕ್ಕೆ ಇಟ್ಟುಕೊಳ್ಳಬೇಕಾದದ್ದು ಅಳೆಯುವ, ಕತ್ತರಿಸುವ, ತುದಿ ಕೊರೆಯುವ ಉಪಕರಣಗಳು. ಒಳ್ಳೆಯ ವರ್ನಿಯರ್, ಡಿಜಿಟಲ್ ಕೋನಮಾಪಕ, ತೂಗುಗುಂಡು, ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್ ಎರಡು (ಒಂದಕ್ಕೆ ಕಟಿಂಗ್ ವೀಲ್, ಇನ್ನೊಂದಕ್ಕೆ ಫ್ಲ್ಯಾಪ್ ಡಿಸ್ಕ್), ಅರ್ಧವೃತ್ತದ ಅರ. ಇವೆಲ್ಲ ಪುಣೆಯಲ್ಲೇ ಸಿಗುತ್ತವೆ, ಮುಂಬೈಗೆ ಹೋದರೆ ನಾಗದೇವಿ ಸ್ಟ್ರೀಟಿನಲ್ಲಿ ಆಯ್ಕೆ ಹೆಚ್ಚು. ಒಂದು ಟ್ಯೂಬು ಇನ್ನೊಂದರ ಮೈಗೆ ಕೂರುವ ಕಡೆ ಅದರ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆಯಬೇಕು. ಇದಕ್ಕೆ ಹೋಲ್ ಸಾ (ದುಂಡಗಿನ ಗರಗಸ) ಹಿಡಿಯುವ ನಾಚರ್ ಸಿಗುತ್ತದೆ. ಬೈಮೆಟಲ್ ಹೋಲ್ ಸಾ ಹಾಕಿ, ನಿಧಾನ ವೇಗದಲ್ಲಿ, ಎಣ್ಣೆ ಬಿಡುತ್ತ ಕೊರೆದರೆ ಚೆನ್ನಾಗಿ ಬರುತ್ತದೆ. ಓರೆ ತೀರಾ ಹೆಚ್ಚಿರುವ ಕಡೆ ಅದು ಸೋಲುತ್ತದೆ. ಅಲ್ಲಿ ಕಾಗದದ ಟೆಂಪ್ಲೇಟ್ ಸುತ್ತಿ, ಗೆರೆ ಎಳೆದು, ಗ್ರೈಂಡರ್ ಮತ್ತು ಅರದಿಂದ ಮುಗಿಸಬೇಕು. ಕೂರಿಸಿದಾಗ ಎಲ್ಲಿಯೂ 1 ಮಿ.ಮೀ.ಗಿಂತ ಹೆಚ್ಚು ಸಂದು ಇರದಂತೆ ನೋಡಿಕೊಳ್ಳಿ. ಸಂದನ್ನು ವೆಲ್ಡಿಂಗ್ ತಂತಿಯಿಂದ ತುಂಬಿಸುವ ಚಾಳಿ ಬಂದರೆ ಕೇಜಿನ ಬಲವೆಲ್ಲ ಅಲ್ಲಿ ಸೋರಿಹೋಗುತ್ತದೆ.

ವೆಲ್ಡಿಂಗ್ ಮಷೀನ್ ಬಗ್ಗೆ ಚುಟುಕಾಗಿ ಹೇಳುವುದಾದರೆ, 2.5 ಮಿ.ಮೀ. ಗೋಡೆಗೆ 200 ಆಂಪಿಯರ್ ಇನ್ವರ್ಟರ್ ಮಿಗ್ (ತಂತಿ ತಾನಾಗಿ ಬರುವ ಮಷೀನ್), 0.8 ಮಿ.ಮೀ. ಇಆರ್ 70ಎಸ್-6 ತಂತಿ, ಶೇ. 80 ಆರ್ಗಾನ್ ಮತ್ತು ಶೇ. 20 ಕಾರ್ಬನ್ ಡೈಆಕ್ಸೈಡ್ ಮಿಶ್ರಣದ ಸಿಲಿಂಡರ್ ಸಾಕು. ಶೆಡ್ಡುಗಳಲ್ಲಿ ‘ಆರ್ಗಾನ್ ವೆಲ್ಡಿಂಗ್’ ಎನ್ನುವ ಟಿಗ್ ಹೆಚ್ಚು ಅಚ್ಚುಕಟ್ಟು, ಆದರೆ ಮುಂಗಾಜಿನ ಕಂಬದ ಮೂಲೆಯಲ್ಲಿ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫಿಲ್ಲರ್ ಹಿಡಿಯಲು ಜಾಗವೇ ಇರುವುದಿಲ್ಲ. ಸಾದಾ ರಾಡ್ ವೆಲ್ಡಿಂಗ್ ಬೇಡ. ಮಷೀನಿಗಿಂತ ಕೈ ಮುಖ್ಯ: ನಿಮ್ಮಲ್ಲಿ ಬೆಸೆಯುವವರು ಯಾರೇ ಆಗಲಿ, ಅದೇ ಟ್ಯೂಬಿನ ಎರಡು ತುಂಡುಗಳನ್ನು ಬೆಸೆದು, ಹ್ಯಾಕ್ಸಾದಿಂದ ಬೆಸುಗೆಗೆ ಅಡ್ಡವಾಗಿ ಸೀಳಿ, ಅರದಿಂದ ಉಜ್ಜಿ ನೋಡಬೇಕು. ಟ್ಯೂಬಿಗೂ ಬೆಸುಗೆಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೂ ಲೋಹ ಬೆರೆತಿಲ್ಲ ಎಂದೇ ಅರ್ಥ. ಅಂಥವರು ಕಾರಿಗೆ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿ ಬೆಸುಗೆ, ಮಾತ್ರ ಹಾಕಲಿ. ಪೂರ್ತಿ ಬೆಸುಗೆಗೆ ಪ್ರೆಶರ್ ವೆಸೆಲ್ ಕೆಲಸ ಮಾಡಿದ ವೆಲ್ಡರ್ ಒಬ್ಬರನ್ನು ಎರಡು ದಿನದ ಮಟ್ಟಿಗೆ ಕರೆತನ್ನಿ. ಮಳೆಗಾಲದಲ್ಲಿ ಪುಣೆಯ ಹವೆಗೆ ಎಣ್ಣೆ ಒರೆಸಿ ತೆಗೆದ ಟ್ಯೂಬು ರಾತ್ರಿ ಕಳೆಯುವುದರೊಳಗೆ ತುಕ್ಕಿನ ಪುಡಿ ಹಿಡಿಯುತ್ತದೆ, ಹಾಗಾಗಿ ಒರೆಸುವುದು, ಉಜ್ಜುವುದು ಎರಡನ್ನೂ ಬೆಸೆಯುವ ದಿನವೇ ಮಾಡಿ; ಬೆಸೆಯುವಾಗ ಫ್ಯಾನ್ ಆರಿಸಿ, ಗಾಳಿ ಬೀಸಿದರೆ ಗ್ಯಾಸಿನ ಹೊದಿಕೆ ಹಾರಿಹೋಗುತ್ತದೆ. ಬ್ಯಾಟರಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಏರ್‌ಬ್ಯಾಗ್‌ಗಳನ್ನು ಮೊದಲೇ ಕಳಚಿಡಿ.

ಬೆಸುಗೆ ಟ್ಯೂಬಿನ ಪೂರ್ತಿ ಸುತ್ತಳತೆಗೂ ಆಗಬೇಕೆಂಬುದು ನಿಯಮ. ಆದರೆ ಹೂಪಿನ ನೆತ್ತಿ ರೂಫಿಗೆ ಅಂಟಿಕೊಂಡಂತಿರುವಾಗ ಮೇಲ್ಭಾಗಕ್ಕೆ ಟಾರ್ಚ್ ಹೋಗುವುದಿಲ್ಲ. ಇದಕ್ಕೆ ಒಳ್ಳೆಯ ಉಪಾಯವಿದೆ. ಕೇಜಿನ ಕಾಲುಗಳನ್ನು ನೇರವಾಗಿ ನೆಲದ ತಗಡಿಗೆ ಇಳಿಸದೆ, 3 ಮಿ.ಮೀ. ತಗಡಿನಿಂದ ಸುಮಾರು ನಾಲ್ಕಿಂಚು ಎತ್ತರದ ಪೆಟ್ಟಿಗೆಗಳನ್ನು ಮಾಡಿ, ಬೆಸೆಯದೆ ಸುಮ್ಮನೆ ಅವುಗಳ ಮೇಲೆ ನಿಲ್ಲಿಸಿ ಇಡೀ ಕೇಜಿಗೆ ಟ್ಯಾಕ್ ಹಾಕಿಕೊಳ್ಳಿ. ಆಮೇಲೆ ಪೆಟ್ಟಿಗೆಗಳನ್ನು ಎಳೆದುಬಿಟ್ಟರೆ ಕೇಜು ನಾಲ್ಕಿಂಚು ಕೆಳಗಿಳಿದು ನೆತ್ತಿಯ ಬೆಸುಗೆಗೆ ಜಾಗ ಕೊಡುತ್ತದೆ. ಮೇಲಿನದೆಲ್ಲ ಮುಗಿದ ಮೇಲೆ ಎತ್ತಿ, ಪೆಟ್ಟಿಗೆಗಳನ್ನು ಮರಳಿ ಸೇರಿಸಿ, ಬಾಡಿಗೆ ಬೆಸೆಯಿರಿ. ಮುಖ್ಯ ಮತ್ತು ಮುಂದಿನ ಹೂಪಿನ ಕಾಲುಗಳ ಕೆಳಗೆ ಬಾಡಿಗೆ ಬೆಸೆಯುವ ಪ್ಲೇಟು ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತಾರ ಇರಬೇಕು, ಹಿಂದಿನ ಆಸರೆ ಟ್ಯೂಬುಗಳಿಗೆ 60 ಸಾಕು.

ಒಂದು ಎಚ್ಚರಿಕೆ: ಕೇಜ್ ಕೂರಿಸಿದ ಕಾರನ್ನು ಆಫೀಸಿಗೆ ಓಡಿಸುವ ಆಸೆ ಬೇಡ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇಂಥ ಮಾರ್ಪಾಡಿಗೆ ಅಡ್ಡಬರುತ್ತದೆ ಎಂಬುದು ಒಂದಾದರೆ, ಹೆಲ್ಮೆಟ್ ಇಲ್ಲದ ತಲೆಗೆ ಪಕ್ಕದಲ್ಲೇ ಇರುವ ಉಕ್ಕಿನ ಟ್ಯೂಬು ಸಣ್ಣ ಡಿಕ್ಕಿಯಲ್ಲೂ ಮಾರಕ ಎಂಬುದು ಇನ್ನೊಂದು. ಸ್ಪರ್ಧೆಯಲ್ಲಿ ಹೆಲ್ಮೆಟ್ ತಾಕಬಹುದಾದ ಟ್ಯೂಬುಗಳಿಗೆ ಎಫ್‌ಐಎ 8857-2001 ಮಾನಕದ ‘ಎ’ ಮಾದರಿಯ ಪ್ಯಾಡ್ ಹಾಕಬೇಕು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಅದಕ್ಕೆ ಬದಲಿಯಲ್ಲ.

ಕೆಲಸ ಮುಗಿದ ಮೇಲೆ ಬೆಸುಗೆಗಳನ್ನು ಗ್ರೈಂಡರ್‌ನಿಂದ ಸವರಿ ನುಣುಪು ಮಾಡಬೇಡಿ, ಬಣ್ಣವನ್ನೂ ಬಳಿಸಬೇಡಿ. ತುಕ್ಕು ಹಿಡಿಯದಂತೆ ತೆಳುವಾಗಿ ಎಣ್ಣೆ ಹಚ್ಚಿ, ಮಿಲ್ ಸರ್ಟಿಫಿಕೇಟ್, ಹೀಟ್ ನಂಬರಿನ ಫೋಟೊ, ಸೀಳಿ ನೋಡಿದ ಮಾದರಿ ತುಂಡು ಇವಿಷ್ಟನ್ನೂ ಒಂದು ಚೀಲದಲ್ಲಿಟ್ಟುಕೊಂಡು, ನೀವು ಸೇರಲಿರುವ ಸ್ಪರ್ಧೆಯಲ್ಲಿ ವಾಹನಗಳನ್ನು ತಪಾಸಣೆ ಮಾಡುವ ಸ್ಕ್ರೂಟಿನಿ ಅಧಿಕಾರಿಗೆ ಬರಿಮೈಯ ಕೇಜನ್ನು ಮೊದಲೇ ತೋರಿಸಿ. ಅವರು ತಿದ್ದಿಸುವುದೇನಾದರೂ ಇದ್ದರೆ ಆಗಲೇ ತಿದ್ದುವುದು ಸುಲಭ. ಪ್ರೈಮರ್, ಬಣ್ಣ, ಸೀಟು, ಬೆಲ್ಟು ಎಲ್ಲ ಅದರ ನಂತರ.